ಉಸ್ತಾ ಶಲಬಿ ಹೆಂಡತಿಯ ಮಂಡಿ ಬಗ್ಗಿಸಿದ್ದು

ಎಲ್ಲರೂ ಉಸ್ತಾ, ಅಂದರೆ ಮೇಸ್ತ್ರಿ, ಎನ್ನುವ ಶಲಬಿಗೆ ಕೆತ್ತನೆಯಿಲ್ಲದ ಬೋಳು ಮರ ಕಂಡರೆ ಆಗುತ್ತಿರಲಿಲ್ಲ. ದಮಿಯತ್ತಿನ ಬಡಗಿ ಓಣಿಯಲ್ಲಿ ಕೂತು ಮಂಚದ ತಲೆಗೆ ಗುಲಾಬಿ, ಕುರ್ಚಿಯ ಕಾಲಿಗೆ ಸಿಂಹದ ಪಂಜ, ಕನ್ನಡಿಯ ಸುತ್ತ ದ್ರಾಕ್ಷಿಬಳ್ಳಿ ಕೆತ್ತುವುದರಲ್ಲೇ ಅವನ ಆಯುಸ್ಸು ಕಳೆದಿತ್ತು. ಆ ಚಾಳಿ ಮನೆಗೂ ಬಂದಿತ್ತು. ಸಾರಿನ ಸೌಟಿನ ಹಿಡಿಯ ತುಂಬ ಬಳ್ಳಿ. ಅದರ ಸಂದಿಯಲ್ಲಿ ಸಿಕ್ಕಿಕೊಂಡ ಮುಲುಖಿಯಾ ಸೊಪ್ಪನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆದು ತೆಗೆಯಬೇಕಿತ್ತು. ಬಚ್ಚಲ ಬಾಗಿಲಿನ ಹಿಡಿ ಬಾಯ್ತೆರೆದ ಸಿಂಹ. ಕರೆಂಟು ಹೋದಾಗ ಅದರ ಬಾಯಿಗೆ ಕೈ ಹಾಕಿ ಕಿರುಚಿಕೊಂಡ ನೆಂಟರು ಆಮೇಲೆ ಆ ಮನೆಯಲ್ಲಿ ನೀರನ್ನೇ ಕುಡಿಯುತ್ತಿರಲಿಲ್ಲ.

"ಈ ಮನೇಲಿ ಬೋಳಾಗಿ ಉಳಿದಿರೋದು ನಿನ್ನ ತಲೆ ಒಂದೇ" ಎಂದು ಹೆಂಡತಿ ಬಹೀಗಾ ಹೇಳುತ್ತಿದ್ದಳು. "ಅದಕ್ಕೂ ಉಳಿ ಎಟುಕೋದಿಲ್ಲ ಅಂತ ಬಿಟ್ಟಿದ್ದೀಯ."

ಮಗಳು ಸನಾ ಮದುವೆಯಾಗಿ ಹೋದ ಮೇಲೆ ಮನೆಯಲ್ಲಿ ಅವರಿಬ್ಬರೇ. ಬಹೀಗಾ ದಪ್ಪ ಹೆಂಗಸು, ದೊಡ್ಡ ಗಂಟಲಿನವಳು. ಮೂರನೇ ಮಹಡಿಯ ತನ್ನ ಮನೆಯ ಕಿಟಕಿಯಲ್ಲಿ ನಿಂತು ಕೆಳಗಿನ ತರಕಾರಿ ಗಾಡಿಯವನ ಜೊತೆ ಚೌಕಾಸಿ ಮಾಡಿದರೆ ನದಿಯ ಆಚೆ ದಡದವರಿಗೂ ಟೊಮೆಟೊ ಧಾರಣೆ ತಿಳಿಯುತ್ತಿತ್ತು. ಅಂಥವಳ ಬಲ ಮಂಡಿ ಸವೆದುಹೋಯಿತು. ಮೊದಲು ಸಂತೆ ನಿಂತಿತು, ಆಮೇಲೆ ಮೆಟ್ಟಿಲು ನಿಂತಿತು, ಕೊನೆಗೆ ಕಿಟಕಿಯವರೆಗೆ ಹೋಗುವುದೂ ನಿಂತಿತು. ಮನ್ಸೂರಾದ ದೊಡ್ಡ ಆಸ್ಪತ್ರೆಯಲ್ಲಿ ಹಳೆಯ ಮಂಡಿ ತೆಗೆದು ಹೊಸದು ಕೂರಿಸಿ ಕಳಿಸಿದರು.

"ಯಾವ ಮರದ್ದಂತೆ?" ಎಂದು ಶಲಬಿ ಮೊದಲು ಕೇಳಿದ್ದ.

"ಲೋಹದ್ದು ಉಸ್ತಾ" ಎಂದಿದ್ದರು ಡಾಕ್ಟರು.

"ನುಣ್ಣಗಿರುತ್ತಾ?"

"ಕನ್ನಡಿ ಥರ."

ಶಲಬಿ ಆ ದಿನವೆಲ್ಲ ಸಪ್ಪಗಿದ್ದ.

ಊರಿಗೆ ಬಂದ ಮೇಲೆ ನದಿದಂಡೆಯ ಒಂದು ಸಣ್ಣ ಕ್ಲಿನಿಕ್ಕಿಗೆ ವಾರಕ್ಕೆರಡು ಸಲ ಫಿಸಿಯೋಥೆರಪಿಗೆ ಹೋಗಬೇಕಾಯಿತು. ಶಲಬಿ ಮತ್ತು ಕೆಳಗಿನ ಮನೆಯ ಇಬ್ಬರು ಗಂಡಸರು ಸೇರಿ ಬಹೀಗಾಳನ್ನು ಕುರ್ಚಿಸಮೇತ ಇಳಿಸುವರು. ಅಲ್ಲಿ ಡಾಕ್ಟರ್ ನೆರ್ಮೀನ್ ಎಂಬ ಹುಡುಗಿ. ಕಡ್ಡಿಯಂಥ ಮೈ, ಆದರೆ ಮಂಡಿ ಹಿಡಿದಳೆಂದರೆ ಬಹೀಗಾಳ ಏಳು ತಲೆಮಾರಿನವರೂ ಗೋರಿಯಿಂದ ಎದ್ದು ಕೂರಬೇಕು.

"ನೋಡಿ ಅಮ್ಮ" ಎಂದಳು ನೆರ್ಮೀನ್, ಅರಚಾಟವೆಲ್ಲ ಮುಗಿದ ಮೇಲೆ. "ನಾನಿಲ್ಲಿ ಅರ್ಧ ಗಂಟೆ ಬಗ್ಗಿಸ್ತೀನಿ. ಉಳಿದ ದಿನವೆಲ್ಲ ನೀವು ಮನೇಲಿ ಕಾಲು ಚಾಚಿ ಕೂತ್ರೆ ಅದು ಮತ್ತೆ ದೊಣ್ಣೆಯಾಗುತ್ತೆ. ನಿಜವಾದ ಕೆಲಸ ಮನೇಲೇ ಇರೋದು." ಆಮೇಲೆ ಶಲಬಿಯತ್ತ ತಿರುಗಿದಳು. "ಉಸ್ತಾ, ನೀವು ಬಡಗಿಗಳಲ್ವಾ? ಒಂದು ಹಲಗೆ ಮಾಡ್ಕೊಡಿ. ಹಾಸಿಗೆ ಮೇಲಿಟ್ಟು ಅಮ್ಮ ಹಿಮ್ಮಡೀನ ಹಿಂದೆ ಮುಂದೆ ಜಾರಿಸ್ಬೇಕು. ಸಾದಾ ಹಲಗೆ ಸಾಕು."

"ಸಾದಾ" ಎಂದ ಶಲಬಿ.

"ಹೂಂ, ಸಾದಾ."

"ಇವನಿಗೆ ಆ ಮಾತು ಬರೋದಿಲ್ಲ ಮಗಳೇ" ಎಂದಳು ಬಹೀಗಾ, ಕಣ್ಣೊರೆಸಿಕೊಳ್ಳುತ್ತ.

ಶಲಬಿಗೆ ಅವಮಾನವಾಯಿತು. ಹೆಂಡತಿಗಾಗಿ ಒಂದು ಸಾದಾ ಹಲಗೆ ಮಾಡಲಾರೆನೇ? ಅಂದೇ ಒಳ್ಳೆಯ ಬೀಚ್ ಮರದ ತುಂಡು ಆರಿಸಿ ಹತ್ತರಿ ಹೊಡೆದು ಸಮ ಮಾಡಿದ. ಮರಳುಕಾಗದದಲ್ಲಿ ತಿಕ್ಕಿದ. ಅಂಗೈ ಇಟ್ಟರೆ ಜಾರಿಹೋಗಬೇಕು, ಹಾಗೆ. ಅಲ್ಲಿಗೆ ನಿಲ್ಲಿಸಿ ಬೆಳಕು ಆರಿಸಿ ಬಾಗಿಲು ಹಾಕಿದ. ಬೀಗಕ್ಕೆ ಕೀಲಿ ತೂರಿಸುವಾಗ ಒಂದು ಯೋಚನೆ ಬಂತು. ಅಂಚಿಗೆ ಒಂದೇ ಒಂದು ಎಳೆ ಗೆರೆ ಇದ್ದರೆ? ಹಿಮ್ಮಡಿ ಅಂಚಿಗೇನೂ ಹೋಗುವುದಿಲ್ಲವಲ್ಲ. ಮತ್ತೆ ಬಾಗಿಲು ತೆರೆದ.

ಗೆರೆಯಾದ ಮೇಲೆ ಮೂಲೆಗಳು ಖಾಲಿ ಕಂಡವು.

ಹಲಗೆ ಬರುವವರೆಗೆ ಬಹೀಗಾ ಕುನಾಫಾ ಸಿಹಿ ಬೇಯಿಸುವ ದೊಡ್ಡ ತಟ್ಟೆಯನ್ನು ಮಗುಚಿ ಹಾಕಿಕೊಂಡು, ಉಲ್ಲನ್ ಕಾಲುಚೀಲ ತೊಟ್ಟು ಜಾರಿಸುತ್ತಿದ್ದಳು. ಜಾರಿಸುವುದೆಂದರೆ ಏನು? ಶಲಬಿ ಎದುರು ಕೂತಿದ್ದರೆ "ಒಂದು, ಎರಡು, ಎಂಟು, ಹತ್ತು, ಮುಗೀತು, ಚಹಾ ಕೊಡು" ಎನ್ನುವಳು. ಅವನು ಕೂರದಿದ್ದರೆ ತಟ್ಟೆಯ ಮೇಲೆ ಕಾಲಿಟ್ಟು ನಿದ್ದೆ ಹೊಡೆಯುವಳು.

ಪಕ್ಕದ ಮನೆಯ ಉಮ್ ಗಲಾಲ್ ಆಗಾಗ ಬಂದು ಕೂರುತ್ತಿದ್ದಳು. ಒಣಕಲು ಮೈಯ ವಿಧವೆ. ಊರಲ್ಲಿ ಯಾರ ಮನೆಯಲ್ಲಿ ಪಾತ್ರೆ ಬಿದ್ದರೂ ಮೊದಲು ಅವಳ ಕಿವಿಗೆ ಬೀಳುತ್ತಿತ್ತು. ಅವಳು ದನದ ಕಾಲಿನ ಸಾರು ತಂದಳು, ಮಂಡಿಗೆ ಮಂಡಿಯೇ ಔಷಧ ಎಂದು. ಹೋಗುವಾಗ ಪ್ರೀತಿಯಿಂದ ಬಹೀಗಾಳ ಮಂಡಿಯಡಿಗೆ ದಪ್ಪ ದಿಂಬೊಂದನ್ನು ತುರುಕಿ ಹೋದಳು. ಶಲಬಿ ಅದರ ಮೇಲೆ ಇನ್ನೊಂದು ಇಟ್ಟ. ನೆರ್ಮೀನ್‌ಗೆ ಇದು ತಿಳಿದಾಗ ಅವಳು ತಲೆ ಹಿಡಿದುಕೊಂಡಳು.

"ದಿಂಬು ಇಟ್ರೆ ಕಾಲು ನೆಟ್ಟಗಾಗೋದೇ ಇಲ್ಲ ಉಸ್ತಾ! ಬಗ್ಗೋದೂ ಬೇಕು, ನೆಟ್ಟಗಾಗೋದೂ ಬೇಕು. ದಿಂಬು ತಲೆಗೆ!"

"ಯಾರ ತಲೆಗೆ?" ಎಂದ ಶಲಬಿ ಗಾಬರಿಯಲ್ಲಿ.

ಅಂತೂ ಹಲಗೆ ಮುಗಿಯಿತು. ಬಿಳಿ ಬಟ್ಟೆ ಹೊದಿಸಿಕೊಂಡು ಎದೆಗವಚಿಕೊಂಡು ಬಂದ. ಉಮ್ ಗಲಾಲಳ ಎದುರಿಗೇ ಬಟ್ಟೆ ಸರಿಸಿದ. ಇಬ್ಬರು ಹೆಂಗಸರೂ ಕತ್ತು ಚಾಚಿದರು. ಸುತ್ತ ದ್ರಾಕ್ಷಿಬಳ್ಳಿ, ಮೂಲೆಗೊಂದು ಕಿನ್ನರಿ, ನಟ್ಟನಡುವೆ ಅಂಗೈಯಗಲ ಅರಳಿದ ಗುಲಾಬಿ, ಎಲ್ಲದರ ಮೇಲೂ ಚಿನ್ನದ ಬಣ್ಣ.

"ಇದರ ಮೇಲೆ ಕಾಲು ಜಾರಿಸ್ಬೇಕಾ, ಸಲಾಂ ಹೊಡೀಬೇಕಾ?" ಎಂದಳು ಬಹೀಗಾ.

"ಜಾರಿಸಿ ನೋಡು ಮೊದ್ಲು."

ಅವಳು ಹಿಮ್ಮಡಿ ಇಟ್ಟು ಎಳೆದಳು. ಕಾಲು ಗುಲಾಬಿಯವರೆಗೆ ಬಂದು ಪಕಳೆಗೆ ಸಿಕ್ಕಿಕೊಂಡಿತು. ಹಿಂದಕ್ಕೂ ಹೋಗದು, ಮುಂದಕ್ಕೂ ಬರದು. ಬಹೀಗಾ ಕೂಗಿದ ಕೂಗಿಗೆ ಕೆಳಗಿನ ಮನೆಯವರು ಓಡಿ ಬಂದರು.

"ಹಂಗಾದ್ರೆ ಅದನ್ನ ಮಗುಚಿ ಹಾಕಿ ಅಣ್ಣ" ಎಂದಳು ಉಮ್ ಗಲಾಲ್. "ಹಿಂದಿನ ಮೈ ನುಣ್ಣಗಿರುತ್ತಲ್ಲ."

ಶಲಬಿ ನೆಲ ನೋಡಿದ.

"ಹಿಂದಿನ ಮೈಗೂ ಕೆತ್ತಿದ್ದೀಯಾ?" ಎಂದಳು ಬಹೀಗಾ ಮೆಲ್ಲಗೆ.

"ಹಿಂದೆ ಬಾತುಕೋಳಿಗಳು" ಎಂದ ಶಲಬಿ.

ಹಲಗೆ ಉಮ್ ಗಲಾಲಳ ಮನೆಯ ಗೋಡೆ ಸೇರಿತು. ಆದರೆ ಶಲಬಿ ಸೋಲೊಪ್ಪುವವನಲ್ಲ. ತಗ್ಗಿನ ಸೋಫಾ ಬಿಟ್ಟು ಎತ್ತರದ, ಕೈಯಿರುವ ಕುರ್ಚಿಯಲ್ಲಿ ಕೂರಬೇಕು, ಆಗ ಏಳುವುದು ಸುಲಭ ಎಂದು ನೆರ್ಮೀನ್ ಹೇಳಿದ್ದಳು. ಈ ಸಲ ಅವನು ಕಾರ್ಖಾನೆಯ ಅಟ್ಟದಿಂದ ಒಂದು ಮದುವೆ ಕುರ್ಚಿಯನ್ನೇ ಇಳಿಸಿಕೊಂಡು ಬಂದ. ಯಾವನೋ ಗಿರಾಕಿ ಒಯ್ಯದೆ ಬಿಟ್ಟುಹೋದದ್ದು. ಕೆಂಪು ಮಖಮಲ್ಲು, ತಲೆಯ ಮೇಲೆ ಕಿರೀಟ, ಕೈಗಳಿಗೆ ಹಂಸ.

ಬಹೀಗಾ ಅದರಲ್ಲಿ ಕೂತಳು. ಕೂತವಳಿಗೆ ಅದು ಬಹಳ ಹಿಡಿಸಿತು. ಎಷ್ಟು ಹಿಡಿಸಿತೆಂದರೆ ಆಮೇಲೆ ಅವಳು ಏಳಲೇ ಇಲ್ಲ.

ಓಣಿಯ ಹೆಂಗಸರು ನೋಡಲು ಬಂದರು. ಬಂದವರು ಬರಿಗೈಯಲ್ಲಿ ಬರುತ್ತಾರೆಯೇ? ಒಬ್ಬಳು ಮಸಾಲೆ ತುಂಬಿಸಿ ಬೇಯಿಸಿದ ಬಾತುಕೋಳಿ ತಂದಳು, ಇನ್ನೊಬ್ಬಳು ರವೆಯ ಸಿಹಿ ಬಾಸ್ಬೂಸಾ. ಬಹೀಗಾ ಕಿರೀಟದ ಕೆಳಗೆ ಕೂತು ಅತ್ತೆ ಸೊಸೆ ಜಗಳಗಳಿಗೆ ತೀರ್ಪು ಕೊಟ್ಟಳು. ನೀರು ಬೇಕೆಂದರೆ ನಾಲ್ಕು ಜನ ಎದ್ದರು. ಶಲಬಿಯಂತೂ ಅವಳು ಬಾಯಿ ತೆರೆಯುವ ಮೊದಲೇ ಚಹಾ, ಬಾಯಿ ಮುಚ್ಚುವ ಮೊದಲೇ ಸಕ್ಕರೆ ಹಿಡಿದು ನಿಲ್ಲುತ್ತಿದ್ದ. ತನ್ನ ಸೇವೆಯನ್ನು ನೋಡಿ ಅವನಿಗೇ ಕಣ್ಣು ತುಂಬಿಬರುತ್ತಿತ್ತು.

ಮುಂದಿನ ಭೇಟಿಯಲ್ಲಿ ನೆರ್ಮೀನ್ ತನ್ನ ಅಳತೆಯ ಕಡ್ಡಿಯನ್ನು ಮಂಡಿಗೆ ಹಿಡಿದಳು. ಮತ್ತೆ ಹಿಡಿದಳು. ಶಲಬಿಯನ್ನು ಹೊರಗೆ ಕರೆದಳು.

"ಹೋದ ಸಲಕ್ಕಿಂತ ಕಮ್ಮಿ ಬಗ್ತಾ ಇದೆ. ಮನೇಲಿ ಏನ್ಮಾಡ್ತಿದ್ದೀರಿ?"

"ಎಲ್ಲಾ ನಾನೇ ಮಾಡ್ತಿದ್ದೀನಿ ಡಾಕ್ಟ್ರಮ್ಮ" ಎಂದ ಶಲಬಿ ಹೆಮ್ಮೆಯಿಂದ. "ಒಂದು ಲೋಟ ಎತ್ತೋಕೂ ಬಿಡೋದಿಲ್ಲ."

"ಅದೇ ತಪ್ಪು! ಕೈಕಟ್ಟಿ ಕೂತ್ಕೊಳ್ಳಿ ಉಸ್ತಾ. ಅವರಿಗೇನು ಬೇಕೋ ಅದನ್ನ ದೂರ ಇಡಿ. ತಾವೇ ಎದ್ದು ಹೋಗಿ ತಗೊಳ್ಳಲಿ."

ಶಲಬಿ ಮನೆಗೆ ಬಂದು ಚಹಾದ ಲೋಟವನ್ನು ಅಡುಗೆಮನೆಯಲ್ಲೇ ಬಿಟ್ಟ. ಬಹೀಗಾ ಚಹಾ ಬಿಟ್ಟಳು. ಟಿವಿಯ ರಿಮೋಟನ್ನು ಅಲಮಾರಿಯ ಮೇಲಿಟ್ಟ. ಅವಳು ಟಿವಿಯ ಬದಲು ಅವನನ್ನೇ ನೋಡುತ್ತ ಕೂತಳು. ಅದು ಅವನಿಗೆ ತಡೆಯಲಾಗದೆ ತಾನೇ ಇಳಿಸಿಕೊಟ್ಟ. ಬಾಸ್ಬೂಸಾ ತಟ್ಟೆಯನ್ನು ಬಾಲ್ಕನಿಗೆ ಒಯ್ದಿಟ್ಟ. ಅದನ್ನು ಬೆಕ್ಕು ತಿಂದಿತು.

"ನನ್ನ ಹಸಿವಿನಿಂದ ಸಾಯಿಸಿ ಇನ್ನೊಬ್ಬಳನ್ನ ತರೋ ಯೋಚನೆ ಇರ್ಬೇಕು" ಎಂದಳು ಬಹೀಗಾ ಕಿರೀಟದ ಕೆಳಗಿನಿಂದ.

ದಾರಿ ತೋರಿಸಿದವಳು ಉಮ್ ಗಲಾಲ್, ಅದೂ ತನಗೇ ಗೊತ್ತಿಲ್ಲದೆ. ಒಂದು ದಿನ ಅವಳು ಅಡುಗೆಮನೆಯಲ್ಲಿ ಕೊತ್ತಂಬರಿ ಬಿಡಿಸುತ್ತ ಶಲಬಿಗೆ ತಗ್ಗಿದ ದನಿಯಲ್ಲಿ ಏನೋ ಹೇಳುತ್ತಿದ್ದಳು. ಚಿನ್ನದ ಬಣ್ಣ ಹಚ್ಚುವ ಮಹ್ರೂಸನ ಮಗಳ ನಿಶ್ಚಿತಾರ್ಥ ಮುರಿದು ಬಿತ್ತಂತೆ, ಕನ್ನಡಿ ಮೇಜು ಯಾವ ಗೋಡೆಗೆ ಇಡಬೇಕೆಂಬ ಜಗಳದಲ್ಲಿ. ಕೋಣೆಯಿಂದ ಬಹೀಗಾ ಕೂಗಿದಳು, "ಏನು? ಏನಂದೆ?" ಉಮ್ ಗಲಾಲಳ ಬಾಯಲ್ಲಿ ಅಷ್ಟರಲ್ಲಿ ಹಸಿಮೆಣಸಿನಕಾಯಿ ಇತ್ತು, ಉತ್ತರ ಬರಲಿಲ್ಲ. ಆಗ ಕೇಳಿಸಿತು ಒಂದು ಸದ್ದು. ಮೂಲೆಯಲ್ಲಿ ಧೂಳು ಹಿಡಿದಿದ್ದ ವಾಕರಿನ ಕಾಲುಗಳು ನೆಲಕ್ಕೆ ಕುಟ್ಟುವ ಸದ್ದು. ಟಕ್. ಟಕ್. ಅಡುಗೆಮನೆಯ ಬಾಗಿಲಲ್ಲಿ ಬಹೀಗಾಳ ಮುಖ ಮೂಡಿತು, ಬೆವರಿ ಕೆಂಪಾಗಿ.

"ಯಾರು ಮುರಿದದ್ದು? ಹುಡುಗಿಯೋ, ಹುಡುಗನ ಅಮ್ಮನೋ?"

ಶಲಬಿ ಮತ್ತು ಉಮ್ ಗಲಾಲ್ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅಂದೇ ಅವರಲ್ಲಿ ಒಪ್ಪಂದವಾಯಿತು. ಉಮ್ ಗಲಾಲ್ ಸುದ್ದಿ ತರಬೇಕು. ಶಲಬಿ ಅವಳಿಗೆ ಬಿಸಿ ಮಶಬ್ಬಕ್ ತರಬೇಕು. ಬೆಲ್ಲದ ಪಾಕದಂಥ ರಸ ತೊಟ್ಟಿಕ್ಕುವ ಆ ಜಾಲರಿ ಸಿಹಿಗಾಗಿ ಉಮ್ ಗಲಾಲ್ ಸತ್ತ ಗಂಡನ ಗುಟ್ಟನ್ನೂ ಬಿಟ್ಟುಕೊಟ್ಟಾಳು. ಕತೆ ಕೋಣೆಯಲ್ಲಿ ಶುರುವಾಗುತ್ತಿತ್ತು. ಸರಿಯಾಗಿ "ಆಗ ಅವಳು ಬಾಗಿಲು ತೆಗೆದು ನೋಡ್ತಾಳೆ..." ಎನ್ನುವಲ್ಲಿ ಉಮ್ ಗಲಾಲ್ ಎದ್ದು ಬಾಲ್ಕನಿಗೆ ಹೋಗಿಬಿಡುವಳು.

"ಏನು ನೋಡ್ತಾಳೆ? ಅಯ್ಯೋ ಬಾರೇ ಇಲ್ಲಿ, ಏನು ನೋಡ್ತಾಳೆ?"

"ಇಲ್ಲಿ ಗಾಳಿ ಚೆನ್ನಾಗಿದೆ ಅಕ್ಕ."

ಟಕ್. ಟಕ್. ಟಕ್. ಬಹೀಗಾ ಶಪಿಸುತ್ತ ಬರುವಳು.

ಹಿಮ್ಮಡಿ ಜಾರಿಸುವುದಕ್ಕೂ ಇದೇ ಮದ್ದು. ಬಹೀಗಾ ಕುನಾಫಾ ತಟ್ಟೆಯ ಮೇಲೆ ಕಾಲಾಡಿಸುವಷ್ಟು ಹೊತ್ತು ಉಮ್ ಗಲಾಲಳ ಬಾಯಿ ಆಡುತ್ತಿತ್ತು. ಕಾಲು ನಿಂತರೆ ಬಾಯಿ ನಿಲ್ಲುತ್ತಿತ್ತು. ಮಹ್ರೂಸನ ಮಗಳ ಪ್ರಸಂಗಕ್ಕೆ ಮಂಡಿ ಎಷ್ಟು ಬಗ್ಗಿತೆಂದರೆ ನೆರ್ಮೀನ್ ಕಡ್ಡಿಯನ್ನು ಎರಡು ಸಲ ಒರೆಸಿ ನೋಡಿದಳು, ಆ ಪ್ರಸಂಗವೇನೆಂದು ತಾನೂ ಕೇಳಿ ತಿಳಿದುಕೊಂಡಳು. ವಾಕರ್ ಹೋಗಿ ಕೋಲು ಬಂತು. ಇನ್ನು ಮೆಟ್ಟಿಲು ಅಭ್ಯಾಸ ಮಾಡಬಹುದು ಎಂದಳು. ಕತೆಗಳು ಮೆಟ್ಟಿಲಿಗೆ ಬಂದವು. ಒಬ್ಬರ ಕಷ್ಟ ಎರಡನೇ ಮಹಡಿಯಲ್ಲಿ, ಇನ್ನೊಬ್ಬರ ಮಾನ ಮೊದಲನೇ ಮಹಡಿಯಲ್ಲಿ.

ಆದರೆ ತೊಂದರೆ ಏನಾಯಿತೆಂದರೆ ಸುದ್ದಿ ಮುಗಿದುಹೋಯಿತು. ಅದೇನು ಗ್ರಹಚಾರವೋ, ದಮಿಯತ್ತಿನ ಜನ ಆ ತಿಂಗಳು ಒಬ್ಬರಿಗೊಬ್ಬರು ಬಹಳ ಒಳ್ಳೆಯವರಾಗಿಬಿಟ್ಟಿದ್ದರು. ಮಹ್ರೂಸನ ಮಗಳ ಮದುವೆ ಕೂಡ ಮತ್ತೆ ಕೂಡಿಬಂದಿತ್ತು.

"ಒಬ್ಬನೂ ಜಗಳ ಆಡ್ತಿಲ್ಲ ಅಣ್ಣ" ಎಂದಳು ಉಮ್ ಗಲಾಲ್, ಕಾರ್ಖಾನೆಯ ಬಾಗಿಲಲ್ಲಿ ನಿಂತು, ಅಳುವ ಮುಖ ಮಾಡಿಕೊಂಡು. "ನಾನೇನು ಹೇಳ್ಲಿ ಇವತ್ತು? ಬೀದಿಬಾಗಿಲವರೆಗೂ ಇಳಿಸ್ಬೇಕು ಅಂತ ಡಾಕ್ಟ್ರಮ್ಮ ಹೇಳಿದ್ದಾರೆ. ಅಷ್ಟು ಮೆಟ್ಟಿಲಿಗೆ ಏನಾದ್ರೂ ದೊಡ್ಡದೇ ಬೇಕು."

ಶಲಬಿ ಒಂದು ಮದುವೆ ಮಂಚಕ್ಕೆ ಕೊನೆಯ ಕೈ ಹಚ್ಚುತ್ತಿದ್ದ. ಉಳಿ ಕೆಳಗಿಟ್ಟು ಯೋಚಿಸಿದ. "ಹಿಂಗೆ ಹೇಳು. ಒಬ್ಬ ಮುದುಕ ಗುಟ್ಟಾಗಿ ಎರಡನೇ ಮದುವೆ ಆಗ್ತಿದ್ದಾನಂತೆ."

ಸಾದಾ ಸುಳ್ಳು. ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಅದು ಶಲಬಿಗೆ ಬೋಳಾಗಿ ಕಂಡಿತು. "ಮುದುಕ ಕೆತ್ತನೆ ಕೆಲಸದವನು" ಎಂದ. ಹೊಸ ಹೆಂಡತಿಗಾಗಿ ತಾನೇ ಮಂಚ ಮಾಡುತ್ತಿದ್ದಾನೆ ಎಂದ. ಮಂಚದ ತಲೆಗೆ ಎರಡು ನವಿಲು, ಅವುಗಳ ಕೊಕ್ಕಿನಲ್ಲಿ ಒಂದೇ ದಾಳಿಂಬೆ. ಮುದುಕನ ಎಡಗೈಯ ತೋರುಬೆರಳಿನ ತುದಿ ಗರಗಸಕ್ಕೆ ಹೋಗಿದೆ. ಮೇಲ್ಸಾಲಿನಲ್ಲಿ ಒಂದು ಚಿನ್ನದ ಹಲ್ಲು. ಹೆಂಡತಿಗೆ ಹುಷಾರಿಲ್ಲದ್ದನ್ನೇ ನೋಡಿಕೊಂಡು ಈ ಕೆಲಸ ಮಾಡುತ್ತಿದ್ದಾನೆ, ಪಾಪಿ. ಉಮ್ ಗಲಾಲ್ ಕಣ್ಣರಳಿಸಿ ಕೇಳಿದಳು. ತಲೆಗೆ ಬಟ್ಟೆ ಬಿಗಿದು ಓಡಿದಳು. ಶಲಬಿ ತನ್ನ ಕತೆಗೆ ತಾನೇ ತಲೆದೂಗುತ್ತ, ಎಡಗೈಯ ಮೊಂಡು ಬೆರಳಿನಿಂದ ನವಿಲಿನ ಕೊಕ್ಕಿನ ಧೂಳು ಒರೆಸಿದ.

ಮೂರನೇ ಮಹಡಿಯಲ್ಲಿ ಬಹೀಗಾ "ಥೂ, ಅವನ ಗಡ್ಡಕ್ಕೆ ಬೆಂಕಿ ಬೀಳ" ಎಂದು ಮುದುಕನಿಗೆ ಹಿಡಿಶಾಪ ಹಾಕಿದಳು. ಎರಡನೇ ಮಹಡಿಯಲ್ಲಿ ನವಿಲಿನ ವಿಷಯ ಕೇಳಿ "ಎಂಥಾ ಖರ್ಚು!" ಎಂದಳು. ಮೊದಲನೇ ಮಹಡಿಯಲ್ಲಿ ಬೆರಳಿನ ಮಾತು ಬಂದಾಗ ನಿಂತಳು. ಬೀದಿಬಾಗಿಲಲ್ಲಿ ಚಿನ್ನದ ಹಲ್ಲು ಬಂತು.

ಆಮೇಲೆ ಬಹೀಗಾ ಏನೂ ಕೇಳಲಿಲ್ಲ. ಕೋಲು ಹಿಡಿದು ಬೀದಿಗೆ ಇಳಿದಳು.

"ಅಕ್ಕಾ, ಇವತ್ತಿಗೆ ಇಲ್ಲೀವರೆಗೇ ಅಂತೆ! ಡಾಕ್ಟ್ರಮ್ಮ ಬೈತಾರೆ!" ಎಂದು ಉಮ್ ಗಲಾಲ್ ಹಿಂದೆ ಓಡಿದಳು. ತಾನು ಹೇಳಿದ್ದು ಯಾರ ಕತೆ ಎಂದು ಅವಳಿಗೆ ಹೊಳೆದದ್ದು ಆಗ. "ಅಯ್ಯೋ ದೇವರೇ" ಎಂದು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು, ಆದರೆ ನಿಲ್ಲಲಿಲ್ಲ. ಇಂಥದ್ದನ್ನು ನೋಡದೆ ಬಿಡುವುದುಂಟೇ?

ಕಾರ್ಖಾನೆಯ ಬಾಗಿಲಲ್ಲಿ ಹೆಂಡತಿಯನ್ನು ಕಂಡಾಗ ಶಲಬಿಗೆ ಮೊದಲು ಆದದ್ದು ಸಂತೋಷ. "ಬಹೀಗಾ! ನಡ್ಕೊಂಡು ಬಂದೆಯಾ! ನೋಡಿದೆಯಾ, ನಾನು ಹೇಳ್ಲಿಲ್ವಾ..."

"ಯಾರವಳು?"

"ಯಾರು?"

ಬಹೀಗಾ ಕೋಲೆತ್ತಿ ಮಂಚ ತೋರಿಸಿದಳು. ನವಿಲು ಎರಡು. ದಾಳಿಂಬೆ ಒಂದು. ಶಲಬಿಯ ಹುಬ್ಬಿನಲ್ಲಿ ಚಿನ್ನದ ಪುಡಿ ಮೆತ್ತಿತ್ತು. ಅದರ ಕೆಳಗೆ ಕಣ್ಣುಗಳು ನಿಧಾನವಾಗಿ ದೊಡ್ಡವಾದವು.

"ಅದು... ಅದು ಮಹ್ರೂಸನ ಮಗಳ ಮಂಚ ಕಣೇ!"

"ಬೆರಳು ಯಾರದು? ಹಲ್ಲು ಯಾರದು?"

"ಎಲ್ಲಾ ಸುಳ್ಳು ಅಕ್ಕಾ!" ಎಂದು ಉಮ್ ಗಲಾಲ್ ಏದುಸಿರು ಬಿಡುತ್ತ ನಡುವೆ ಬಂದು ನಿಂತಳು. "ನಿಮ್ಮನ್ನ ಮೆಟ್ಟಿಲು ಇಳಿಸೋಕೆ ಅಣ್ಣನೇ ಕಟ್ಟಿದ್ದು. ಮಶಬ್ಬಕ್ ಕೊಡ್ತಾರೆ ನನಗೆ. ಡಾಕ್ಟ್ರಮ್ಮ ಹೇಳಿದ್ದು, ಬೇಕಾದ್ದನ್ನ ದೂರ ಇಡಿ ಅಂತ. ನಿಮಗೆ ಬೇಕಾದ್ದು ಸುದ್ದಿ ಒಂದೇ ಅಲ್ವಾ?"

ಬಹೀಗಾ ಇಬ್ಬರನ್ನೂ ನೋಡಿದಳು. ಕೈಗೆ ಸಿಕ್ಕ ಕೆತ್ತನೆಯವರ ಗೇಣೆತ್ತರದ ಸ್ಟೂಲನ್ನು ಎಳೆದುಕೊಂಡು ಧೊಪ್ಪನೆ ಕೂತಳು. ಕೂತ ಮೇಲೆ ಮೂವರಿಗೂ ಒಟ್ಟಿಗೇ ಕಂಡಿತು: ಮಂಡಿ ಪೂರಾ ಮಡಚಿತ್ತು, ಹಿಮ್ಮಡಿ ಸ್ಟೂಲಿನ ಅಡಿಗೆ ಹೋಗಿತ್ತು.

"ನೋವಾ?" ಎಂದ ಶಲಬಿ.

"ಸಿಟ್ಟು ಬಂದಿದೆ, ಮಾತಾಡಿಸ್ಬೇಡ" ಎಂದಳು. ಸ್ವಲ್ಪ ಹೊತ್ತಾದ ಮೇಲೆ ಅವಳ ಹೊಟ್ಟೆ ನಗುವಿಗೆ ಕುಲುಕತೊಡಗಿತು, ಭುಜ ಕುಲುಕಿತು, ಆಮೇಲೆ ಇಡೀ ಬಹೀಗಾ. "ನಿನಗೆ ಎರಡನೇ ಹೆಂಡ್ತಿ! ಅಯ್ಯೋ ಸನಾಳ ಅಪ್ಪಾ, ಮೊದಲನೇವಳೇ ನಮ್ಮಪ್ಪ ಬೈದದ್ದಕ್ಕೆ ಬಂದಳು. ಸುಳ್ಳು ಹೇಳೋಕೂ ನಿನಗೆ ಬೇರೆ ಮುಖ ಸಿಗ್ಲಿಲ್ವಾ?"

ನಗು ಮುಗಿದ ಮೇಲೆ ಏಳುವ ಪ್ರಶ್ನೆ ಬಂತು. ಇಬ್ಬರೂ ಸೇರಿ ಎಬ್ಬಿಸಿದರು. ಆದರೆ ಸಿಟ್ಟಿನಲ್ಲಿ ಬಂದಷ್ಟು ದೂರ ಸಮಾಧಾನದಲ್ಲಿ ವಾಪಸು ಹೋಗುವುದು ಆಗದ ಮಾತು. ಅಷ್ಟರಲ್ಲಿ ಮಂಚ ಒಯ್ಯಲು ಮೂರು ಗಾಲಿಯ ಮೋಟಾರು ಗಾಡಿ ತಂದ ಸಬ್ರಿ ಬಾಗಿಲಲ್ಲಿ ಹಾರ್ನು ಹೊಡೆದ.

"ನಿಮ್ಮ ಓಣಿ ಮೇಲೇ ಹೋಗ್ತೀನಿ ಉಸ್ತಾ" ಎಂದ ಸಬ್ರಿ. "ಹಗ್ಗ ಬಿಗಿಯಾಗಿದೆ. ಅಮ್ಮ ಮಂಚದ ಮೇಲೇ ಕೂತ್ಕೊಳ್ಲಿ."

ಹಾಗೆ ಬಹೀಗಾ ನವಿಲುಗಳಿಗೆ ಒರಗಿ, ಕಾಲು ಚಾಚಿ, ಮೆರವಣಿಗೆ ಹೊರಟಳು. ಚಿನ್ನದ ಮಂಚ ಬೀದಿಗೆ ಬಂದರೆ ದಮಿಯತ್ತಿನ ಹೆಂಗಸರು ಸುಮ್ಮನಿರುವವರಲ್ಲ. ಒಂದು ಬಾಲ್ಕನಿಯಿಂದ ಯಾರೋ ನಾಲಿಗೆ ಕುಣಿಸಿ "ಲುಲುಲುಲೀ" ಎಂದು ಮಂಗಳದ ಕೂಗು ಹಾಕಿದಳು. ಎದುರು ಬಾಲ್ಕನಿಯವಳು ಅದಕ್ಕಿಂತ ಉದ್ದ ಎಳೆದಳು. ಸಬ್ರಿ ಮದುವೆ ತಾಳಕ್ಕೆ ಹಾರ್ನು ಬಾರಿಸಿದ. ಬಹೀಗಾ ಸ್ವಲ್ಪ ಹೊತ್ತು ಬಿಗಿಯಾಗಿ ಕೂತಿದ್ದಳು. ಆಮೇಲೆ ತಡೆಯಲಾಗದೆ ತಾನೂ ಒಂದು ಹಾಕಿದಳು. ಆ ಗಂಟಲಿಗೆ ಪಾರಿವಾಳಗಳೆಲ್ಲ ಎದ್ದು ಹಾರಿದವು.

ಗಾಡಿಯ ಹಿಂದೆ ಶಲಬಿ ನಡೆಯುತ್ತಿದ್ದ. ಕಾಫಿ ಅಂಗಡಿಯಲ್ಲಿ ಹುಕ್ಕಾ ಎಳೆಯುತ್ತಿದ್ದವನೊಬ್ಬ ಕೂಗಿ ಕೇಳಿದ, "ಮಬ್ರೂಕ್ ಉಸ್ತಾ, ಶುಭವಾಗ್ಲಿ! ಏನು, ಎರಡನೇದಾ?"

"ಅಲ್ಲಪ್ಪಾ, ಮೊದಲನೇದೇ" ಎಂದ ಶಲಬಿ. "ರಿಪೇರಿಗೆ ಹೋಗಿತ್ತು."

ಮಂಚದ ಮೇಲಿಂದ ಚಪ್ಪಲಿ ಬಂದು ಅವನ ಬೆನ್ನಿಗೆ ಬಿತ್ತು.

ಅದಾದ ಮುಂದಿನ ಭೇಟಿಯಲ್ಲಿ ನೆರ್ಮೀನ್ ಮೂವರನ್ನೂ ಸಾಲಾಗಿ ನಿಲ್ಲಿಸಿ ಬೈದಳು. ತಗ್ಗು ಸ್ಟೂಲಿನ ಮೇಲೆ ಬಿದ್ದಂತೆ ಕೂರುವುದು ಯಾವ ವ್ಯಾಯಾಮ ಎಂದಳು. ಮೂರು ಗಾಲಿ ಗಾಡಿಯಲ್ಲಿ ಮಂಚ ಹತ್ತುವುದನ್ನು ತಾನು ಯಾವಾಗ ಹೇಳಿದೆ ಎಂದಳು. ಬೈಯುತ್ತಲೇ ಅಳೆದಳು. ಅಳೆದು, ಮಂಡಿ ಬೇಕಾದಷ್ಟು ಬಗ್ಗುತ್ತಿದೆ ಎಂದಳು. "ಆಮೇಲೆ? ಆ ಕನ್ನಡಿ ಮೇಜನ್ನ ಕೊನೆಗೆ ಯಾವ ಗೋಡೆಗೆ ಇಟ್ರಂತೆ?" ಎಂದು ತಗ್ಗಿದ ದನಿಯಲ್ಲಿ ಉಮ್ ಗಲಾಲಳನ್ನು ಕೇಳಿದಳು.

ಬೇಸಿಗೆಯ ಹೊತ್ತಿಗೆ ಬಹೀಗಾ ತಾನೇ ಸಂತೆಗೆ ಹೋಗತೊಡಗಿದಳು. ಸಂತೆ ಮುಗಿಸಿ ನದಿದಂಡೆ, ಅಲ್ಲಿಂದ ಮಗಳು ಸನಾಳ ಮನೆ, ಅಲ್ಲಿಂದ ಉಮ್ ಗಲಾಲ್ ಹೇಳಿದ ಇನ್ನಾವುದೋ ಮನೆ. ಶಲಬಿ ಮಧ್ಯಾಹ್ನ ಹಸಿದು ಬಂದರೆ ಮನೆಗೆ ಬೀಗ. ಅವನು ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದ. ಕೆಳಗಿನ ಮನೆಯವರು ಅಯ್ಯೋ ಪಾಪ ಎಂದು ಒಂದು ತಟ್ಟೆ ಅನ್ನ ಕೊಡುತ್ತಿದ್ದರು. ತಿನ್ನುತ್ತ ತಿನ್ನುತ್ತ ಅವನು ಹೊಸ ಮಂಡಿಯನ್ನು ಹೊಗಳಿ, ಅದನ್ನು ಕೂರಿಸಿದವರಿಗೆ ಒಂದು ಸಣ್ಣ ಶಾಪ ಹಾಕುತ್ತಿದ್ದ.